ಎತ್ತಿ ಹಿಡಿದ ಕೈ ಬಿಡಬೇಡಿ

2025ರ ಜನವರಿ 26ರ ರಾತ್ರಿ. ಬಿಗ್ ಬಾಸ್ ಕನ್ನಡ 11ನೇ ಆವೃತ್ತಿಯ ಕೊನೆಯ ಗಳಿಗೆ. ವೇದಿಕೆಯ ನಡುವೆ ನಿರೂಪಕ, ನಟ ಸುದೀಪ್ ನಿಂತಿದ್ದಾರೆ. ಕೊನೆಗೆ ಉಳಿದ ಇಬ್ಬರು ಸ್ಪರ್ಧಿಗಳಲ್ಲಿ ಒಂದು ಕೈಯಲ್ಲಿ ತ್ರಿವಿಕ್ರಮ್ ಅವರ ಕೈ, ಇನ್ನೊಂದರಲ್ಲಿ ಹನುಮಂತನ ಕೈ. ಕಾಯಿಸಿ ಕಾಯಿಸಿ ಕೊನೆಗೆ ಅವರು ಮೇಲೆತ್ತಿದ್ದು ಹನುಮಂತನ ಕೈ. ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯಲ್ಲಿ ಕುರಿ ಕಾಯುತ್ತಿದ್ದ ಹುಡುಗ, ಆಟ ಶುರುವಾದ ಮೇಲೆ ವೈಲ್ಡ್ ಕಾರ್ಡ್‌ನಲ್ಲಿ ಮನೆಯೊಳಗೆ ಹೋದವರು, ಟ್ರೋಫಿಯನ್ನೂ 50 ಲಕ್ಷ ರೂಪಾಯಿಯನ್ನೂ ಗೆದ್ದರು. ಅವರಿಗೆ ಬಿದ್ದ ಮತ 5 ಕೋಟಿಗೂ ಹೆಚ್ಚು ಎಂದು ವೇದಿಕೆಯಲ್ಲೇ ಘೋಷಿಸಲಾಯಿತು. ಒಬ್ಬರೇ ಹಲವು ಸಲ ಮತ ಹಾಕಬಹುದಾದ ಲೆಕ್ಕ ಅದು ಎಂಬುದು ಬೇರೆ ಮಾತು. ಆ ರಾತ್ರಿ ಹಾವೇರಿ ಸೀಮೆಯಲ್ಲಿ ಪಟಾಕಿ ಸದ್ದು ಕೇಳಿದ್ದಂತೂ ನಿಜ.

ಕನ್ನಡದ ರಿಯಾಲಿಟಿ ಶೋಗಳಲ್ಲಿ ಕಾಣುವ ಎರಡು ಬಗೆಯ ಹೀರೋಗಳೂ ಅವತ್ತು ಅಕ್ಕಪಕ್ಕದಲ್ಲೇ ನಿಂತಿದ್ದರು. ಒಬ್ಬರು ಸುದೀಪ್, ಹೀರೋ ಆಗಿಯೇ ಒಳಗೆ ಬಂದವರು. ಸಿನಿಮಾದಲ್ಲಿ ಗಳಿಸಿದ ಹೆಸರನ್ನು ಕಾರ್ಯಕ್ರಮಕ್ಕೆ ಜಾಮೀನಾಗಿ ಇಟ್ಟವರು. ಇನ್ನೊಬ್ಬರು ಹನುಮಂತ, ಅವರನ್ನು ಹೀರೋ ಮಾಡಿದ್ದೇ ಕಾರ್ಯಕ್ರಮ. ಮೊದಲನೆಯವರಿಗೆ ಶೋ ಮುಗಿದ ಮರುದಿನ ಹೋಗಲು ಶೂಟಿಂಗ್ ಇರುತ್ತದೆ, ಜೊತೆಗೆ ಮ್ಯಾನೇಜರ್, ವಕೀಲರು, ದಶಕಗಳ ಅನುಭವ ಇರುತ್ತದೆ. ಎರಡನೆಯವರಿಗೆ ಇರುವುದು ಊರು ಮತ್ತು ಊರಿನ ನಿರೀಕ್ಷೆ ಮಾತ್ರ. ರಿಯಾಲಿಟಿ ಶೋಗಳ ಬಗ್ಗೆ ನಾವು ಇಷ್ಟು ವರ್ಷ ಜಗಳವಾಡಿದ್ದೆಲ್ಲ ಸಂಸ್ಕೃತಿ ಕೆಡುತ್ತದೆಯೇ, ಎಲ್ಲವೂ ಸ್ಕ್ರಿಪ್ಟೇ ಎಂಬುದರ ಸುತ್ತ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ನಮ್ಮ ಕಣ್ಣೆದುರೇ ಹೀರೋ ಆದ ಆ ಸಾಮಾನ್ಯ ಮನುಷ್ಯನಿಗೆ ಆಮೇಲೆ ದಿಕ್ಕು ಯಾರು?

ಈ ಕಾರ್ಯಕ್ರಮಗಳ ಬೇರು ಹೊರಗಿನದು. ಕೋಟಿ ರೂಪಾಯಿಯ ಕ್ವಿಜ್ ಹುಟ್ಟಿದ್ದು ಬ್ರಿಟನ್ನಿನಲ್ಲಿ, 1998ರಲ್ಲಿ. ಒಂದೇ ಸೂರಿನಡಿ ಜನರನ್ನು ಕೂಡಿಹಾಕಿ ಹಗಲು ರಾತ್ರಿ ಕ್ಯಾಮೆರಾ ತಿರುಗಿಸುವ, ಬಿಗ್ ಬಾಸ್‌ನ ಮೂಲವಾದ ‘ಬಿಗ್ ಬ್ರದರ್’ ಶುರುವಾದದ್ದು 1999ರ ಸೆಪ್ಟೆಂಬರ್‌ನಲ್ಲಿ, ನೆದರ್ಲೆಂಡ್ಸ್‌ನಲ್ಲಿ. ಜಾನ್ ಡಿ ಮೋಲ್ ಅವರ ತಂಡದ ಕಲ್ಪನೆ ಅದು. ಆ ಮೊದಲ ಮನೆಯೊಳಗೆ ಹೋದವರು ತಾರೆಯರಲ್ಲ, ಬೀದಿಯಲ್ಲಿ ಎದುರಾದರೆ ಯಾರೂ ತಿರುಗಿ ನೋಡದಂಥ ಸಾಮಾನ್ಯರು. ಸಾಮಾನ್ಯರ ದಿನಚರಿಯೇ ಅಲ್ಲಿ ಬಂಡವಾಳವಾಗಿತ್ತು.

ಭಾರತಕ್ಕೆ ಬರುವಾಗ ಅದೇ ಸರಕು ಸಿನಿಮಾದ ಬಾಗಿಲಿನಿಂದ ಬಂತು. 2000ದ ಜುಲೈ 3ರಂದು ‘ಕೌನ್ ಬನೇಗಾ ಕರೋಡ್‌ಪತಿ’ ಆರಂಭವಾದಾಗ ಜನ ಟಿ.ವಿ. ಮುಂದೆ ಕೂತದ್ದು ಕ್ವಿಜ್‌ಗಿಂತ ಹೆಚ್ಚಾಗಿ ಅಮಿತಾಭ್ ಬಚ್ಚನ್‌ಗಾಗಿ. ಅವರ ಸಿನಿಮಾಗಳು ಸೋಲುತ್ತಿದ್ದ, ಅವರ ಕಂಪನಿ ಸಾಲದಲ್ಲಿ ಮುಳುಗಿದ್ದ ಕಾಲ ಅದು. ದೊಡ್ಡ ಪರದೆಯ ನಾಯಕ ಸಣ್ಣ ಪರದೆಗೆ ಇಳಿದರೆ ಮರ್ಯಾದೆ ಹೋಗುತ್ತದೆ ಎಂದು ಚಿತ್ರರಂಗ ನಂಬಿದ್ದ ಕಾಲವೂ ಹೌದು. ಆ ನಂಬಿಕೆಯನ್ನು ಅವರು ಒಂದೇ ವರ್ಷದಲ್ಲಿ ಅಳಿಸಿಹಾಕಿದರು. ಎದುರು ಕೂತ ಗುಮಾಸ್ತನಿಗೂ ಗೃಹಿಣಿಗೂ ‘ಆಪ್’ ಎಂದೇ ಮರ್ಯಾದೆ ಕೊಟ್ಟು ಮಾತಾಡಿಸಿದರು, ಅವರ ಊರು ಮನೆ ವಿಚಾರಿಸಿದರು. ಸಿನಿಮಾದಲ್ಲಿ ಸಿಡುಕಿನ ಯುವಕನಾಗಿದ್ದವರು ಟಿ.ವಿ.ಯಲ್ಲಿ ಮನೆಯ ಹಿರಿಯರಾದರು. ಅಲ್ಲಿಂದಾಚೆ ಭಾರತದ ಯಾವ ಭಾಷೆಯಲ್ಲಿ ಇಂಥ ಶೋ ಶುರುವಾದರೂ ಮೊದಲು ಕೇಳುವುದು ‘ಯಾರು ನಡೆಸಿಕೊಡ್ತಾರೆ?’ ಎಂದೇ.

ಕನ್ನಡಕ್ಕೆ ಈ ಪರಂಪರೆ ಹಾಡಿನ ದಾರಿಯಲ್ಲೂ ಬಂತು. ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಕೂತು, ಶ್ರುತಿ ತಪ್ಪಿದ ಮಗುವನ್ನು ಪಕ್ಕಕ್ಕೆ ಕರೆದು ಸಾಲು ಹಾಡಿ ತೋರಿಸುತ್ತಿದ್ದುದನ್ನು ಮರೆತವರು ಕಡಿಮೆ. ಆ ವೇದಿಕೆಯಲ್ಲಿ ಸೋತ ಮಗುವೂ ಏನಾದರೂ ಕಲಿತೇ ಮನೆಗೆ ಹೋಗುತ್ತಿತ್ತು. ಆಮೇಲೆ ಬಂದ ಎಷ್ಟೋ ಅದ್ದೂರಿ ವೇದಿಕೆಗಳ ಬಗ್ಗೆ ಈ ಮಾತು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಸಿನಿಮಾ ಹೀರೋ ಒಬ್ಬರು ಪೂರ್ಣ ಪ್ರಮಾಣದಲ್ಲಿ ಬಂದದ್ದು 2012ರ ಮಾರ್ಚ್ 12ರಂದು, ಸುವರ್ಣ ವಾಹಿನಿಯಲ್ಲಿ ‘ಕನ್ನಡದ ಕೋಟ್ಯಧಿಪತಿ’ ಶುರುವಾದಾಗ. ಹಾಟ್ ಸೀಟಿನ ಎದುರು ಪುನೀತ್ ರಾಜ್‌ಕುಮಾರ್. ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಬಾಲನಟನ ಕಾಲದಿಂದ ನಾಡು ಅವರನ್ನು ನೋಡಿತ್ತು. ರಾಜ್‌ಕುಮಾರ್ ಅವರ ಕಿರಿಯ ಮಗ, ಎಲ್ಲರ ಬಾಯಲ್ಲೂ ಅಪ್ಪು. ಆ ಕುರ್ಚಿಯಲ್ಲಿ ಕೂರುವವರಿಗೆ ಪ್ರಶ್ನೆಯ ಭಯ ಒಂದು ಕಡೆಯಾದರೆ ದೊಡ್ಡವರ ಎದುರು ಕೂತ ಭಯ ಇನ್ನೊಂದು ಕಡೆ. ಪುನೀತ್ ಮೊದಲು ಕಳೆಯುತ್ತಿದ್ದುದು ಈ ಎರಡನೆಯ ಭಯವನ್ನು. ನಗುತ್ತಿದ್ದರು, ಸ್ಪರ್ಧಿಯ ಮನೆಯವರನ್ನು ಹೆಸರು ಕೇಳಿ ಮಾತಾಡಿಸುತ್ತಿದ್ದರು, ಯಾರಾದರೂ ಅತ್ತರೆ ಎದ್ದು ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದರು. ಬಂದವರು ಕಷ್ಟ ಹೇಳಿಕೊಂಡರೆ ಪುನೀತ್ ಮುಖದ ಮೇಲೆ ಹಾದುಹೋಗುತ್ತಿದ್ದ ಸಂಕಟ ನಟನೆಯದು ಎಂದು ಅನುಮಾನಿಸಲು ಆಗುತ್ತಿರಲಿಲ್ಲ. ಒಂದು ಕೋಟಿ ಗೆಲ್ಲದೆ ಕೆಲವು ಸಾವಿರದೊಂದಿಗೆ ಇಳಿದವರೂ ‘ಅಪ್ಪು ಸರ್ ಜೊತೆ ಕೂತು ಬಂದೆ’ ಎಂಬ ಸಂತೋಷವನ್ನು ಹೊತ್ತು ಹೋಗುತ್ತಿದ್ದರು.

2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ಕಂಠೀರವ ಕ್ರೀಡಾಂಗಣದತ್ತ ಹರಿದುಬಂದ ಜನರಲ್ಲಿ ಅವರ ಸಿನಿಮಾ ಅಭಿಮಾನಿಗಳಷ್ಟೇ ಇರಲಿಲ್ಲ. ಟಿ.ವಿ.ಯ ಮೂಲಕ ಅವರನ್ನು ಮನೆಮಗನೆಂದು ಒಪ್ಪಿಕೊಂಡಿದ್ದ ಅಜ್ಜಿಯರೂ ಅಮ್ಮಂದಿರೂ ಇದ್ದರು. ಸಿನಿಮಾದ ನಾಯಕನನ್ನು ನೋಡಲು ನಾವು ಥಿಯೇಟರಿಗೆ ಹೋಗಬೇಕು. ಟಿ.ವಿ.ಯ ನಾಯಕ ಅಡುಗೆಮನೆಯ ಸದ್ದಿನ ನಡುವೆ, ಊಟದ ತಟ್ಟೆಯ ಎದುರು ಬಂದು ಕೂರುತ್ತಾನೆ. ಸಲುಗೆ ಬೆಳೆಯುವುದು ಅಲ್ಲಿ. ಆ ಸಲುಗೆಯನ್ನು ಪುನೀತ್ ಒಮ್ಮೆಯೂ ದುರುಪಯೋಗ ಮಾಡಿಕೊಳ್ಳಲಿಲ್ಲ. ಇನ್ನೊಬ್ಬರ ಮಾನ ಕಾಯುವುದೇ ನಿರೂಪಕನ ಕೆಲಸ ಎಂದು ಅವರಿಗೆ ಯಾರೂ ಹೇಳಿಕೊಟ್ಟಂತೆ ಕಾಣುತ್ತಿರಲಿಲ್ಲ. ಅವರು ಇದ್ದದ್ದೇ ಹಾಗೆ.

ಸುದೀಪ್ ಅವರದು ಬೇರೆಯದೇ ಪಾತ್ರ. 2013ರ ಮಾರ್ಚ್‌ನಲ್ಲಿ ಈಟಿವಿ ಕನ್ನಡದಲ್ಲಿ ಬಿಗ್ ಬಾಸ್ ಮೊದಲ ಆವೃತ್ತಿ ಶುರುವಾಗಿ ವಿಜಯ್ ರಾಘವೇಂದ್ರ ಗೆದ್ದಲ್ಲಿಂದ ಇಲ್ಲಿಯವರೆಗೆ ವಾಹಿನಿ ಬದಲಾಗಿದೆ, ಲೋಣಾವಳದಲ್ಲಿದ್ದ ಮನೆ ಬಿಡದಿಗೆ ಬಂದಿದೆ, ಸ್ಪರ್ಧಿಗಳಂತೂ ಪ್ರತಿ ಸಲ ಹೊಸಬರು. ಬದಲಾಗದೆ ಉಳಿದದ್ದು ಶನಿವಾರ ರಾತ್ರಿ ಬರುವ ಸುದೀಪ್. 2001ರ ‘ಹುಚ್ಚ’ ಚಿತ್ರದ ಪಾತ್ರದಿಂದ ಅಂಟಿಕೊಂಡ ‘ಕಿಚ್ಚ’ ಎಂಬ ಹೆಸರೇ ಈಗ ಕಾರ್ಯಕ್ರಮದ ಭಾಗ. ‘ವಾರದ ಕತೆ ಕಿಚ್ಚನ ಜೊತೆ’ ಎಂದು ಶನಿವಾರದ ಕಂತಿಗೆ ಹೆಸರು. ಜನರ ಬಾಯಲ್ಲಿ ಅದು ಕಿಚ್ಚನ ಪಂಚಾಯ್ತಿ.

ಆ ಪಂಚಾಯ್ತಿ ನಡೆಯುವ ರೀತಿಯನ್ನು ಗಮನಿಸಿ ನೋಡಬೇಕು. ಐದು ದಿನ ಕೂಗಾಡಿದ ಮನೆ ಸೋಫಾದ ಮೇಲೆ ಬಟ್ಟೆ ಸರಿಮಾಡಿಕೊಂಡು ಕೂತಿರುತ್ತದೆ. ಸುದೀಪ್ ನಿಂತೇ ಮಾತಾಡುತ್ತಾರೆ. ದನಿ ಎತ್ತುವುದು ಅಪರೂಪ. ಮೊದಲು ಒಂದು ಸಣ್ಣ ಪ್ರಶ್ನೆ, ಉತ್ತರಕ್ಕೆ ಇನ್ನೊಂದು ಪ್ರಶ್ನೆ, ಮೂರನೆಯದಕ್ಕೆ ಬರುವ ಹೊತ್ತಿಗೆ ತಪ್ಪು ಮಾಡಿದವರಿಗೆ ತಾವು ಎಲ್ಲಿ ಸಿಕ್ಕಿಬಿದ್ದೆವೆಂದು ಗೊತ್ತಾಗಿರುತ್ತದೆ. ಹೆಣ್ಣುಮಕ್ಕಳ ಬಗ್ಗೆ ಕೀಳಾಗಿ ಮಾತಾಡಿದವರನ್ನು ಅವರು ಸುಮ್ಮನೆ ಬಿಟ್ಟದ್ದು ಕಡಿಮೆ. ವಾರವಿಡೀ ಮೂಲೆಯಲ್ಲಿ ಕೂತು ಕೆಲಸ ಮಾಡಿದವರಿಗೆ ‘ಕಿಚ್ಚನ ಚಪ್ಪಾಳೆ’ ಸಿಗುತ್ತದೆ. ಅದಕ್ಕಾಗಿ ಸ್ಪರ್ಧಿಗಳು ಕಾಯುವುದನ್ನು ನೋಡಿದರೆ, ಬಹುಮಾನದ ಹಣಕ್ಕಿಂತ ಆ ಚಪ್ಪಾಳೆಯ ಬೆಲೆ ದೊಡ್ಡದೇನೋ ಅನ್ನಿಸುತ್ತದೆ. ತಪ್ಪು ಸರಿ ಹೇಳಲು ಹಿರಿಯರೊಬ್ಬರು ಬೇಕು ಎಂಬ ಹಂಬಲ ನಮ್ಮ ಸಮಾಜದಲ್ಲಿ ಎಷ್ಟು ಆಳವಾಗಿದೆ ಎಂಬುದಕ್ಕೆ ಶನಿವಾರದ ಆ ಕಂತಿಗಿಂತ ಬೇರೆ ಸಾಕ್ಷಿ ಬೇಡ. 2021ರ ಏಪ್ರಿಲ್‌ನಲ್ಲಿ ಅವರು ಅನಾರೋಗ್ಯದಿಂದ ಬರಲಾಗದ ವಾರಾಂತ್ಯಗಳಲ್ಲಿ ಇಡೀ ಕಾರ್ಯಕ್ರಮ ಹಿರಿಯರಿಲ್ಲದ ಮನೆಯಂತೆ ಭಣಗುಟ್ಟಿತು. 11ನೇ ಆವೃತ್ತಿಯ ಹೊತ್ತಿಗೆ ಇದೇ ನನ್ನ ಕೊನೆಯದು ಎಂದು ಘೋಷಿಸಿದವರು 2025ರಲ್ಲಿ ಮತ್ತೆ ಬಂದದ್ದಕ್ಕೂ, ಅವರ ಜಾಗಕ್ಕೆ ಇನ್ನೊಬ್ಬರನ್ನು ಕಲ್ಪಿಸಿಕೊಳ್ಳಲು ವೀಕ್ಷಕರು ಒಪ್ಪದಿದ್ದದ್ದು ಒಂದು ಕಾರಣವಿರಬೇಕು.

ಆದರೆ ಈ ಪಂಚಾಯ್ತಿಗೆ ಒಂದು ಮಿತಿ ಇದೆ. ಅದನ್ನು ಹೇಳದಿದ್ದರೆ ಸುದೀಪ್ ಅವರಿಗೂ ಅನ್ಯಾಯ, ಸ್ಪರ್ಧಿಗಳಿಗೂ ಅನ್ಯಾಯ. ಮನೆಯಲ್ಲಿ ಕ್ಯಾಮೆರಾಗಳು 24 ಗಂಟೆ ಓಡುತ್ತವೆ. ನಮಗೆ ಸಿಗುವುದು ಒಂದೂವರೆ ಗಂಟೆ. ಉಳಿದ ಇಪ್ಪತ್ತೆರಡೂವರೆ ಗಂಟೆಯಲ್ಲಿ ಯಾರು ಯಾರಿಗೆ ನೀರು ಕೊಟ್ಟರು, ಯಾರು ಕ್ಷಮೆ ಕೇಳಿದರು, ಬೈಗುಳಕ್ಕೆ ಮುಂಚೆ ಏನು ನಡೆದಿತ್ತು ಎಂಬುದು ಎಡಿಟಿಂಗ್ ಟೇಬಲ್ಲಿನಲ್ಲೇ ಉಳಿಯುತ್ತದೆ. ಯಾರು ನಾಯಕ, ಯಾರು ಖಳ, ಯಾರು ಹಾಸ್ಯಕ್ಕೆ ಎಂಬ ಹಂಚಿಕೆ ಆ ಕತ್ತರಿಯಲ್ಲೇ ಆಗುತ್ತದೆ. ಪ್ರೊಮೊದಲ್ಲಿ ಅರ್ಧ ವಾಕ್ಯ, ಅದಕ್ಕೊಂದು ಗುಡುಗಿನ ಹಿನ್ನೆಲೆ ಸಂಗೀತ, ಎದುರಿನವರ ಮುಖದ ಮೇಲೆ ಒಂದು ಕ್ಲೋಸ್ ಅಪ್. ಇಷ್ಟು ಸಾಕು, ಒಬ್ಬ ಮನುಷ್ಯ ಸಂಜೆಯೊಳಗೆ ಟ್ರೋಲ್ ಪುಟಗಳ ಪಾಲಾಗುತ್ತಾನೆ. ಮನೆಯೊಳಗಿರುವ ಆತನಿಗೆ ಅದು ಗೊತ್ತೇ ಇರುವುದಿಲ್ಲ. ಹೊರಗೆ ಶಾಲೆಗೆ ಹೋಗುವ ಅವನ ತಂಗಿಗೆ, ಅಂಗಡಿ ನಡೆಸುವ ಅಪ್ಪನಿಗೆ ಗೊತ್ತಾಗುತ್ತದೆ. ನ್ಯಾಯ ಹೇಳುವವರು ವೇದಿಕೆಯ ಮೇಲೆ ಕಾಣುತ್ತಾರೆ. ಸಾಕ್ಷ್ಯವನ್ನು ಆರಿಸುವವರು ಎಂದೂ ಕಾಣುವುದಿಲ್ಲ.

ಟಿ.ವಿ. ಮತ್ತು ಸಿನಿಮಾದ ನಡುವಿನ ಬಾಗಿಲು ಎರಡೂ ಕಡೆ ತೆರೆಯುತ್ತದೆ ಎಂಬುದನ್ನೂ ಹೇಳಬೇಕು. ಉದಯ ಟಿ.ವಿ.ಯ ‘ಕಾಮಿಡಿ ಟೈಮ್’ನಲ್ಲಿ ನಗಿಸುತ್ತಿದ್ದ ಗಣೇಶ್ 2006ರ ಕೊನೆಯಲ್ಲಿ ‘ಮುಂಗಾರು ಮಳೆ’ಯ ನಾಯಕರಾದರು, ಮುಂದೆ ಗೇಮ್ ಶೋ ನಡೆಸಲು ಮತ್ತೆ ಟಿ.ವಿ.ಗೆ ಬಂದರು. ಶಿವರಾಜ್‌ಕುಮಾರ್, ರವಿಚಂದ್ರನ್, ಜಗ್ಗೇಶ್ ತೀರ್ಪುಗಾರರ ಕುರ್ಚಿಯಲ್ಲಿ ಕೂತರು. ಇವರೆಲ್ಲರ ನಡುವೆ ರಮೇಶ್ ಅರವಿಂದ್ ಅವರನ್ನು ಬೇರೆಯಾಗಿ ನೋಡಬೇಕೆನಿಸುತ್ತದೆ. 2014ರ ಆಗಸ್ಟ್‌ನಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ವೀಕೆಂಡ್ ವಿತ್ ರಮೇಶ್’ನಲ್ಲಿ ಹೀರೋ ತಾನು ಹಿಂದೆ ಸರಿದು ಕೇಳುಗನಾದ. ಸಾಧಕರ ಕುರ್ಚಿಯಲ್ಲಿ ಕೂತವರ ಮೇಷ್ಟ್ರು, ಬಾಲ್ಯದ ಗೆಳೆಯ, ಒಂದು ಕಾಲದಲ್ಲಿ ಊಟ ಹಾಕಿದ ಮೆಸ್ಸಿನವರು ಪರದೆಯ ಹಿಂದಿನಿಂದ ಬರುತ್ತಿದ್ದರು. ದೊಡ್ಡವರು ಯಾರೂ ಒಬ್ಬರೇ ದೊಡ್ಡವರಾಗುವುದಿಲ್ಲ ಎಂಬುದನ್ನು ಆ ಕಾರ್ಯಕ್ರಮ ವಾರವಾರವೂ ಕಣ್ಣಿಗೆ ಕಟ್ಟುವಂತೆ ತೋರಿಸಿತು.

ಇನ್ನು ಎರಡನೆಯ ಬಗೆಯ ಹೀರೋ.

ಆತ ತಯಾರಾಗುವುದು ಆಡಿಷನ್‌ನಲ್ಲಿ ಅಲ್ಲ, ‘ವಿಟಿ’ಯಲ್ಲಿ. ಸ್ಪರ್ಧಿ ವೇದಿಕೆಗೆ ಬರುವ ಮುನ್ನ ತೋರಿಸುವ ಎರಡು ಮೂರು ನಿಮಿಷದ ಚಿತ್ರಕ್ಕೆ ಆ ವಲಯದವರು ಕರೆಯುವ ಹೆಸರು ಅದು. ತಂಡವೊಂದು ಕ್ಯಾಮೆರಾ ಹೊತ್ತು ಊರಿಗೆ ಹೋಗುತ್ತದೆ. ಮೊದಲು ಊರಿನ ಹಾದಿ, ಆಮೇಲೆ ಹೆಂಚು ಜಾರಿದ ಮಾಡು, ಒಲೆಯ ಮುಂದೆ ಕೂತ ತಾಯಿ. ತಾಯಿಯನ್ನು ಕಷ್ಟದ ಬಗ್ಗೆ ಕೇಳುತ್ತಾರೆ. ಆಕೆ ಮೊದಲಿಗೆ ನಗುತ್ತಾ ಹೇಳುತ್ತಾರೆ. ಇನ್ನೊಮ್ಮೆ ಕೇಳುತ್ತಾರೆ, ಸ್ವಲ್ಪ ನಿಧಾನವಾಗಿ ಹೇಳಿ ಅನ್ನುತ್ತಾರೆ. ಎಲ್ಲೋ ಒಂದು ಕಡೆ ಆಕೆಯ ಗಂಟಲು ಕಟ್ಟುತ್ತದೆ. ಆ ಕ್ಷಣವೇ ವಿಟಿಯ ಕೊನೆಯ ಶಾಟ್. ಸ್ಟುಡಿಯೋದಲ್ಲಿ ತೀರ್ಪುಗಾರರು ಕಣ್ಣೊರೆಸಿಕೊಳ್ಳುತ್ತಾರೆ, ಮನೆಯಲ್ಲಿ ನಾವೂ ಒರೆಸಿಕೊಳ್ಳುತ್ತೇವೆ. ಆ ಕಣ್ಣೀರು ಸುಳ್ಳೆಂದು ನಾನು ಹೇಳುವುದಿಲ್ಲ. ತಾಯಿಯ ಕಷ್ಟವೂ ನಿಜ, ನಮ್ಮ ಮರುಕವೂ ನಿಜ. ಆದರೆ ಹಾಡಲು ಬಂದ ಹುಡುಗನ ಕಂಠಕ್ಕಿಂತ ಅವನ ಮನೆಯ ಮಾಡೇ ಹೆಚ್ಚು ಹೊತ್ತು ತೆರೆಯ ಮೇಲೆ ಉಳಿದರೆ, ಆತ ಬಡವನಾಗಿ ಮಾತ್ರ ನಮ್ಮ ನೆನಪಿನಲ್ಲಿ ಉಳಿಯುತ್ತಾನೆ. ಮುಂದೆ ಆತ ಒಂದು ಒಳ್ಳೆಯ ಕಾರು ಕೊಂಡರೆ ‘ಎಷ್ಟು ಬದಲಾಗಿಬಿಟ್ಟ’ ಎಂದು ದೂರುವವರೂ ನಾವೇ.

2018ರಲ್ಲಿ ಹಾಡಿನ ಶೋ ‘ಸರಿಗಮಪ’ದ 15ನೇ ಆವೃತ್ತಿಗೆ ಹನುಮಂತ ಬಂದಾಗ ಇದೆಲ್ಲವೂ ಇತ್ತು. ಲುಂಗಿ, ಅಂಗಿ, ಉತ್ತರ ಕರ್ನಾಟಕದ ಜವಾರಿ ಮಾತು, ಕುರಿಗಾಹಿ ಎಂಬ ಪರಿಚಯ. ಆದರೂ ಅವರು ಉಳಿದದ್ದು ಹಾಡಿನಿಂದ. ಸಂಗೀತವನ್ನು ಪಾಠವಾಗಿ ಕಲಿಯದ, ಬಯಲಲ್ಲಿ ಕುರಿಗಳ ಹಿಂದೆ ಹಾಡಿಕೊಂಡೇ ಬಲಿತ ಕಂಠ ಅದು. ತತ್ವಪದ, ಜನಪದ ಹಾಡಿದರೆ ಅಕ್ಷರ ಅಕ್ಷರವೂ ಮಣ್ಣಿನಿಂದ ಎದ್ದು ಬಂದಂತಿರುತ್ತಿತ್ತು. ಮಹಾಗುರು ಹಂಸಲೇಖ ಆ ಸೊಗಡಿನ ಬೆಲೆಯನ್ನು ಸಭೆಗೆ ತಿಳಿಸಿದರು, ಅವರನ್ನು ತಿದ್ದಿ ಪಟ್ಟಣದ ಗಾಯಕನನ್ನಾಗಿ ಮಾಡಲು ಹೋಗಲಿಲ್ಲ. ಆ ವರ್ಷ ಕೀರ್ತನ್ ಹೊಳ್ಳ ಗೆದ್ದರು, ಹನುಮಂತ ರನ್ನರ್ ಅಪ್ ಆದರು. ಆರು ವರ್ಷಗಳ ಮೇಲೆ ಬಿಗ್ ಬಾಸ್ ಮನೆಗೆ ಹೋದಾಗಲೂ ಅದೇ ಲುಂಗಿ, ಅದೇ ಮಾತು. ತಂತ್ರ, ಗೇಮ್ ಪ್ಲಾನ್ ಎಂದು ಎಲ್ಲರೂ ತಲೆ ಕೆಡಿಸಿಕೊಳ್ಳುವ ಮನೆಯಲ್ಲಿ ಅವರು ಅನಿಸಿದ್ದನ್ನು ಅನಿಸಿದ ಹಾಗೆ ಹೇಳಿ ಪಕ್ಕಕ್ಕೆ ಸರಿದು ಕೂತರು. ಜನ ಗೆಲ್ಲಿಸಿದ್ದು ಅದನ್ನೇ.

ಸಾಮಾನ್ಯರು ಬಿಗ್ ಬಾಸ್‌ನಲ್ಲಿ ಮಿಂಚಿದ್ದು ಇದೇ ಮೊದಲಲ್ಲ. 5ನೇ ಆವೃತ್ತಿಯಲ್ಲಿ ಸೇಲ್ಸ್‌ಮನ್ ಆಗಿದ್ದ ದಿವಾಕರ್ ಕೊನೆಯ ಹಂತದವರೆಗೂ ಬಂದು ರನ್ನರ್ ಅಪ್ ಆದರು. 6ನೆಯದರಲ್ಲಿ ಚಿಂತಾಮಣಿ ಕಡೆಯ ಕೃಷಿ ಪದವೀಧರ ಶಶಿಕುಮಾರ್ ‘ಆಧುನಿಕ ರೈತ’ನೆಂದೇ ಹೆಸರಾಗಿ ಗೆದ್ದರು. ನಮ್ಮವನೊಬ್ಬ ತಾರೆಯರ ಸಾಲಿನಲ್ಲಿ ಸರಿಸಮ ಕೂತ ಎಂಬ ಹೆಮ್ಮೆ ಸಣ್ಣದಲ್ಲ. ರಿಯಾಲಿಟಿ ಶೋಗಳನ್ನು ಸಾರಾಸಗಟಾಗಿ ತೆಗಳುವವರು ಇದನ್ನು ಮರೆಯುತ್ತಾರೆ. ಗಾಂಧಿನಗರದ ಬಾಗಿಲನ್ನು ವರ್ಷಗಟ್ಟಲೆ ತಟ್ಟಿದರೂ ತೆರೆಯದಿದ್ದವರಿಗೆ ಈ ವೇದಿಕೆ ತೆರೆದಿದೆ. ಹಳ್ಳಿಯ ಕನ್ನಡ, ಲಂಬಾಣಿ ತಾಂಡಾದ ಹುಡುಗ, ಆಟೊ ಓಡಿಸುವವರ ಮಗಳು ಪ್ರೈಮ್ ಟೈಮ್‌ಗೆ ಬಂದಿದ್ದರೆ ಅದರ ದೊಡ್ಡ ಪಾಲು ಇಂಥ ಶೋಗಳದೇ.

ಹಾಗಿದ್ದೂ ಒಂದು ಹೆಸರು ನೆನಪಾದರೆ ನನ್ನ ಮಾತು ತಡವರಿಸುತ್ತದೆ. ರಾಜೇಶ್. ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಬಳ್ಳೆ ಹಾಡಿಯ ಆದಿವಾಸಿ ಯುವಕ. ‘ಹಳ್ಳಿ ಹೈದ ಪ್ಯಾಟೇಗೆ ಬಂದ’ ಎಂಬ ಶೋನ ವಿಜೇತ. ಹಳ್ಳಿಯ ಹುಡುಗರನ್ನು ಬೆಂಗಳೂರಿಗೆ ಕರೆತಂದು, ಪ್ಯಾಟೆ ಹುಡುಗಿಯರ ಜೊತೆ ಜೋಡಿ ಮಾಡಿ, ಪಟ್ಟಣದ ನಡೆನುಡಿ ಕಲಿಸುವ ಆಟ ಅದು. ಕಾಡಿನ ಹುಡುಗ ಇಂಗ್ಲಿಷ್ ಮಾತಾಡಲು ಹೆಣಗುವುದು, ಹೊಸ ಬಟ್ಟೆ ತೊಟ್ಟು ಕನ್ನಡಿ ನೋಡಿಕೊಳ್ಳುವುದು, ಕೂಗುವುದು, ಕುಣಿಯುವುದು ಎಲ್ಲವೂ ನಾಡಿಗೆ ನಾಡೇ ಕೂತು ನೋಡಿದ ಮನರಂಜನೆ. ನಾವೆಲ್ಲ ನಕ್ಕೆವು, ಮೆಚ್ಚಿದೆವು. ರಾಜೇಶ್ ಗೆದ್ದರು. ‘ಜಂಗಲ್ ಜಾಕಿ’ ಎಂಬ ಸಿನಿಮಾಕ್ಕೆ ನಾಯಕರೂ ಆದರು. ಆಮೇಲೆ ಅವರ ಮಾನಸಿಕ ಆರೋಗ್ಯ ಕೆಟ್ಟ ಸುದ್ದಿ ಬಂತು, ಚಿಕಿತ್ಸೆಯ ಸುದ್ದಿ ಬಂತು. 2013ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡರು. ಆಗ ಅವರಿಗೆ ಇನ್ನೂ ಚಿಕ್ಕ ವಯಸ್ಸು.

ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ತಪ್ಪು. ಒಂದು ವಾಹಿನಿಯ ಅಥವಾ ಒಬ್ಬ ವ್ಯಕ್ತಿಯ ತಲೆಗೆ ಅದನ್ನು ಕಟ್ಟುವುದು ಇನ್ನೂ ದೊಡ್ಡ ತಪ್ಪು. ನಾನು ಕೇಳುವುದು ಇಷ್ಟೇ. ಹಾಡಿಯಿಂದ ಬಂದ ಯುವಕನಿಗೆ ಪಟ್ಟಣವನ್ನು ಕಲಿಸಲು ನಮ್ಮ ಬಳಿ ಅಷ್ಟೊಂದು ಕಂತುಗಳಿದ್ದವು. ಕ್ಯಾಮೆರಾ ಆರಿದ ಮೇಲೆ ಹಾಡಿಗೆ ಹೋಗಿ ಮತ್ತೆ ಅಲ್ಲಿಯವನಾಗಿ ಬದುಕುವುದು ಹೇಗೆ, ಅಥವಾ ಪಟ್ಟಣದಲ್ಲೇ ಉಳಿದರೆ ದಿನ ದೂಡುವುದು ಹೇಗೆ ಎಂದು ಕಲಿಸಲು ಒಬ್ಬರಾದರೂ ಇದ್ದರೇ? ಆತನಿಗೆ ಎರಡೂ ಕಡೆ ನೆಲ ಸಡಿಲವಾಗಿತ್ತು.

ಹಣ ಕೈತುಂಬ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಅವರ ಕತೆಯನ್ನು ಓದಬೇಕು. ಉದ್ಯೋಗ ಖಾತರಿ ಯೋಜನೆಯಲ್ಲಿ ಆರು ಸಾವಿರ ರೂಪಾಯಿ ಆಸುಪಾಸಿನ ಸಂಬಳಕ್ಕೆ ಕಂಪ್ಯೂಟರ್ ಆಪರೇಟರ್ ಆಗಿದ್ದವರು ಅವರು. 2011ರಲ್ಲಿ ಕೌನ್ ಬನೇಗಾ ಕರೋಡ್‌ಪತಿಯಲ್ಲಿ 5 ಕೋಟಿ ರೂಪಾಯಿ ಗೆದ್ದು ದೇಶಕ್ಕೇ ಹೀರೋ ಆದರು. 2020ರಲ್ಲಿ ಅವರೇ ಫೇಸ್‌ಬುಕ್‌ನಲ್ಲಿ ಬರೆದುಕೊಂಡರು, ಗೆದ್ದ ನಂತರದ ವರ್ಷಗಳೇ ತನ್ನ ಬದುಕಿನ ಅತ್ಯಂತ ಕೆಟ್ಟ ಕಾಲವೆಂದು. ದಿನಕ್ಕೊಂದು ಸಮಾರಂಭ, ದಾನ ಕೇಳಿ ಬಂದು ಮೋಸ ಮಾಡಿದವರು, ಕೈಸುಟ್ಟ ವ್ಯವಹಾರ, ಕುಡಿತ, ಸಂಸಾರದಲ್ಲಿ ಬಿರುಕು. ಈಗ ಏನು ಮಾಡುತ್ತಿದ್ದೀರಿ ಎಂದು ಪತ್ರಕರ್ತರು ಕೇಳಿದಾಗಲೆಲ್ಲ ಏನಾದರೂ ದೊಡ್ಡದನ್ನು ಹೇಳಬೇಕೆಂಬ ಒತ್ತಡದಲ್ಲೇ ಹಣ ಹೂಡಿ ಕಳೆದುಕೊಂಡೆ ಎಂಬುದನ್ನೂ ಬರೆದರು. ಕೊನೆಗೆ ಅವರು ಎದ್ದು ನಿಂತದ್ದು ಊರಿಗೆ ಮರಳಿ, ಸಂಪಿಗೆಯಿಂದಲೇ ಹೆಸರು ಪಡೆದ ಚಂಪಾರಣ್‌ನಲ್ಲಿ ಮನೆ ಮನೆಗೆ ಸಂಪಿಗೆ ಸಸಿ ಹಂಚುವ ಕೆಲಸ ಹಿಡಿದಾಗ. ಆಮೇಲೆ ಶಿಕ್ಷಕರೂ ಆದರು. ಹೀರೋ ಪಟ್ಟದಿಂದ ತಾವಾಗಿಯೇ ಇಳಿದ ಮೇಲೆ ಅವರು ಬಚಾವಾದರು ಎನ್ನಬೇಕು.

ಈ ನಾಡಿಗೆ ವೀರರನ್ನು ಗೌರವಿಸುವುದು ಹೊಸದೇನಲ್ಲ. ಕರ್ನಾಟಕದ ಊರೂರಿನಲ್ಲಿ ವೀರಗಲ್ಲುಗಳಿವೆ. ತುರು ಕಾಯಲು, ಊರಿನ ಹೆಣ್ಣುಮಕ್ಕಳ ಮಾನ ಉಳಿಸಲು, ಹುಲಿ ಹಂದಿಯೊಡನೆ ಸೆಣಸಲು ಹೋಗಿ ಮಡಿದವರ ಕಲ್ಲುಗಳು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಸನ್ನಿಧಿ. ಎಷ್ಟೋ ಕಲ್ಲುಗಳಲ್ಲಿ ಆ ವೀರನ ಹೆಸರನ್ನು ಬಿಟ್ಟರೆ ಅವನ ಬಗ್ಗೆ ಬೇರೇನೂ ಗೊತ್ತಾಗುವುದಿಲ್ಲ. ಅವರಲ್ಲಿ ಬಹುಪಾಲು ಜನ ಸಾಮಾನ್ಯರೇ. ಊರಿನವರು ಅಥವಾ ಒಡೆಯರು ಕಲ್ಲು ನಿಲ್ಲಿಸಿ ಸುಮ್ಮನಾಗುತ್ತಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಮಡಿದವನ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ನೆತ್ತರುಗೊಡಗೆ ಎಂದು ಶಾಸನಗಳು ಕರೆಯುವುದು ಅದನ್ನೇ. ಹೊಗಳಿಕೆಯ ಜೊತೆಗೆ ಹೊಣೆಯೂ ಬರುತ್ತದೆ ಎಂದು ಸಾವಿರ ವರ್ಷದ ಹಿಂದೆಯೇ ನಮ್ಮವರು ಕಲ್ಲಿನ ಮೇಲೆ ಬರೆದಿಟ್ಟಿದ್ದರು. ಇವತ್ತಿನ ಹೀರೋ ಪ್ರಾಣ ಕೊಡುವುದಿಲ್ಲ, ನಿಜ. ತನ್ನ ಏಕಾಂತವನ್ನು, ಮನೆಯ ಕಷ್ಟವನ್ನು, ಮುಂದೆ ಯಾರ ಗಮನಕ್ಕೂ ಬೀಳದೆ ಬದುಕುವ ಅವಕಾಶವನ್ನು ಕೊಡುತ್ತಾನೆ. ಅದಕ್ಕೆ ಬದಲಾಗಿ ಅವನ ಪಾಲಿಗೆ ಏನು ಬಿಟ್ಟುಕೊಡುತ್ತಿದ್ದೇವೆ?

ಇದು ಕೈಲಾಗದ ಕೆಲಸವೇನಲ್ಲ. ಬ್ರಿಟನ್ನಿನಲ್ಲಿ ‘ಲವ್ ಐಲ್ಯಾಂಡ್’ ಎಂಬ ಶೋನ ಇಬ್ಬರು ಮಾಜಿ ಸ್ಪರ್ಧಿಗಳು 2018 ಮತ್ತು 2019ರಲ್ಲಿ ತೀರಿಕೊಂಡಾಗ ದೊಡ್ಡ ಕೂಗೆದ್ದಿತು. ಅಲ್ಲಿಯ ಐಟಿವಿ ವಾಹಿನಿ ಮನೆಯಿಂದ ಹೊರಬಂದ ಪ್ರತಿಯೊಬ್ಬರಿಗೂ ಕನಿಷ್ಠ ಎಂಟು ಸಲ ಆಪ್ತಸಮಾಲೋಚನೆ ಕೊಡಿಸುವುದಾಗಿ, ಸೋಷಿಯಲ್ ಮೀಡಿಯಾ ಮತ್ತು ಹಣದ ನಿರ್ವಹಣೆ ಬಗ್ಗೆ ತರಬೇತಿ ಕೊಡುವುದಾಗಿ ಹೇಳಿತು. ಇನ್ನೊಂದು ಕಾರ್ಯಕ್ರಮವಾದ ‘ಜೆರೆಮಿ ಕೈಲ್ ಶೋ’ವನ್ನು, ಅದರಲ್ಲಿ ಭಾಗವಹಿಸಿದ್ದವರೊಬ್ಬರ ಸಾವಿನ ಬಳಿಕ, 2019ರ ಮೇ ತಿಂಗಳಲ್ಲಿ ನಿಲ್ಲಿಸಲಾಯಿತು. ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2021ರ ಏಪ್ರಿಲ್‌ನಿಂದ ನಿಯಮವನ್ನೇ ತಂದಿತು. ಭಾಗವಹಿಸುವುದರಿಂದ ಹಾನಿಯ ಅಪಾಯ ಇರುವವರ ಯೋಗಕ್ಷೇಮ ನೋಡಿಕೊಳ್ಳಬೇಕು, ಒಪ್ಪಿಗೆ ಪಡೆಯುವ ಮುನ್ನವೇ ಆ ಅಪಾಯಗಳನ್ನು ತಿಳಿಸಿ ಹೇಳಬೇಕು. ನಮ್ಮಲ್ಲಿ 2019ರ ಜೂನ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಡಾನ್ಸ್ ಶೋಗಳಲ್ಲಿ ಮಕ್ಕಳನ್ನು ದೊಡ್ಡವರಂತೆ ಅಸಭ್ಯವಾಗಿ ತೋರಿಸಬೇಡಿ ಎಂದು ಸಲಹೆ ನೀಡಿತು. ಒಳ್ಳೆಯದೇ. ಆದರೆ ಸಲಹೆಗೂ ನಿಯಮಕ್ಕೂ ಇರುವ ಅಂತರ ಎಲ್ಲರಿಗೂ ಗೊತ್ತು. ದೊಡ್ಡವರಾದ ಸ್ಪರ್ಧಿಗಳ ಮನಸ್ಸಿನ ಮಾತನ್ನಂತೂ ಅದು ಎತ್ತಲೇ ಇಲ್ಲ.

ಮೊದಲು ಆಗಬೇಕಾದದ್ದು ಸಣ್ಣ ಕೆಲಸಗಳು. ಸಹಿ ಹಾಕಿಸಿಕೊಳ್ಳುವ ಒಪ್ಪಂದ ಸ್ಪರ್ಧಿಗೆ ಅರ್ಥವಾಗುವ ಕನ್ನಡದಲ್ಲಿರಲಿ, ಅದನ್ನು ಓದಿ ಹೇಳಲು ವಾಹಿನಿಗೆ ಸಂಬಂಧಪಡದ ಒಬ್ಬ ವಕೀಲರಿರಲಿ. ಬಹುಮಾನದ ಹಣದಲ್ಲಿ ತೆರಿಗೆ ಎಷ್ಟು ಹೋಗುತ್ತದೆ, ಕೈಗೆ ಎಷ್ಟು ಬರುತ್ತದೆ, ಅದನ್ನು ಎಲ್ಲಿಡಬೇಕು ಎಂದು ಫಿನಾಲೆಗೆ ಮುನ್ನವೇ ಕೂರಿಸಿ ಹೇಳಲಿ. ಶೋ ಮುಗಿದ ಮೇಲೆ ಕನಿಷ್ಠ ಒಂದು ವರ್ಷ ಆಪ್ತಸಮಾಲೋಚಕರೊಬ್ಬರ ಫೋನ್ ನಂಬರು ಆತನ ಬಳಿ ಇರಲಿ, ಆ ನಂಬರಿಗೆ ಮಾಡಿದ ಕರೆಯ ಖರ್ಚು ವಾಹಿನಿಯದಾಗಲಿ. ಜಾಹೀರಾತಿನಿಂದ ಬರುವ ಹಣದ ಮುಂದೆ ಇದು ದೊಡ್ಡ ಖರ್ಚಲ್ಲ. ಗೆದ್ದವರಿಗಿಂತ ಮೊದಲ ವಾರವೇ ನಗೆಪಾಟಲಾಗಿ ಹೊರಬಿದ್ದವರಿಗೆ ಇದು ಹೆಚ್ಚು ಬೇಕು.

ಇದನ್ನು ಕೇಳಿ ಪಡೆಯುವ ಶಕ್ತಿ ಸ್ಪರ್ಧಿಗಿಲ್ಲ. ಸಹಿ ಹಾಕುವಾಗ ಆತ ಅವಕಾಶ ತಪ್ಪಿಹೋದೀತೆಂಬ ಭಯದಲ್ಲಿರುತ್ತಾನೆ. ಆ ಶಕ್ತಿ ಇರುವುದು ಮೊದಲ ಬಗೆಯ ಹೀರೋಗೆ. ಕಾರ್ಯಕ್ರಮ ನಡೆಯುವುದೇ ಅವರ ಹೆಸರಿನ ಮೇಲೆ. ಯಾವ ನಿರ್ಮಾಪಕರೂ ಅವರ ಮಾತು ತಳ್ಳಿಹಾಕಲಾರರು. ಪುನೀತ್ ತಮ್ಮ ಎದುರು ಕೂತವರ ಮಾನವನ್ನು ಆ ಒಂದು ಗಂಟೆ ಕಾಯ್ದರು. ಸುದೀಪ್ ಮನೆಯೊಳಗೆ ಮಾನ ಕಳೆಯಲು ಹೊರಟವರನ್ನು ವಾರವಾರವೂ ತಡೆದಿದ್ದಾರೆ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಒಪ್ಪಂದದಲ್ಲೇ ‘ಸ್ಪರ್ಧಿಗಳ ಯೋಗಕ್ಷೇಮಕ್ಕೆ ಇಂತಿಷ್ಟು ವ್ಯವಸ್ಥೆ ಇದ್ದರೆ ಮಾತ್ರ ನಾನು ಬರುತ್ತೇನೆ’ ಎಂಬ ಒಂದು ಸಾಲನ್ನು ನಮ್ಮ ನಾಯಕನಟರು ಬರೆಸಬೇಕು. ಕನ್ನಡದಲ್ಲಿ ಒಬ್ಬರು ಬರೆಸಿದರೆ ಉಳಿದ ಭಾಷೆಯವರೂ ಬರೆಸುತ್ತಾರೆ.

ನಮ್ಮ ಪಾಲಿನದೂ ಇದೆ. ಮೊಬೈಲಿನಲ್ಲಿ ಮತ ಹಾಕುವ ಕೈಯೇ ಟ್ರೋಲ್ ವಿಡಿಯೊವನ್ನು ಗುಂಪಿನಿಂದ ಗುಂಪಿಗೆ ಹಂಚುತ್ತದೆ. ಒಬ್ಬರನ್ನು ಮೆಚ್ಚಲು ಇನ್ನೊಬ್ಬರ ಮನೆಯ ಹೆಣ್ಣುಮಕ್ಕಳನ್ನು ಬೈಯುವ ಅಭಿಮಾನಿ ಪಡೆಗಳು ಪ್ರತಿ ಆವೃತ್ತಿಯಲ್ಲೂ ಹುಟ್ಟಿಕೊಳ್ಳುತ್ತವೆ. ಮುಂದಿನ ಸಲ ಅಂಥ ವಿಡಿಯೊ ನಿಮ್ಮ ಫೋನಿಗೆ ಬಂದಾಗ ಅಳಿಸಿಬಿಡಿ, ಮುಂದಕ್ಕೆ ಕಳಿಸಬೇಡಿ. ನಿಮ್ಮೂರಿನಿಂದ ಯಾರಾದರೂ ಇಂಥ ಶೋಗೆ ಹೋಗಿ ಬಂದಿದ್ದರೆ, ಗೆದ್ದಿರಲಿ ಸೋತಿರಲಿ, ಸನ್ಮಾನದ ಹಾರ ಬಾಡಿದ ಮೇಲೆ ಒಂದು ದಿನ ಅವರ ಮನೆಗೆ ಹೋಗಿ. ಸೆಲ್ಫಿ ಕೇಳಬೇಡಿ. ಹೇಗಿದ್ದೀರಿ ಎಂದು ಕೇಳಿ.